ಐಪೆ ಎಂದು ಬಿಲ್ ಮಾಡಿ ಬೇರೆ ಮರ ಕೊಟ್ಟ ಬಗ್ಗೆ ದೂರು

ಮಾನ್ಯ ವ್ಯವಸ್ಥಾಪಕರೇ,

ಆರು ಸಲ ಫೋನ್ ಮಾಡಿದೆ. ಇನ್ನು ಮಾಡುವುದಿಲ್ಲ, ಅದಕ್ಕೇ ಈ ಪತ್ರ.

ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಉಪ್ಪುಗಾಳಿ, ಜಾಸ್ತಿ ಮಳೆ. ಮಹಡಿಯ ತೆರೆದ ಜಗಲಿಗೆ ಸಾಗುವಾನಿ ಸಾಕು ಎಂದು ನಮ್ಮ ಆಚಾರಿ ಹೇಳಿದ್ದರು. ನಿಮ್ಮವರು ಬ್ರೆಜಿಲ್‌ನ ಐಪೆ ಹಾಕಿಸಿ, ಸಾಗುವಾನಿಗಿಂತ ಮೂರು ಪಟ್ಟು ಗಟ್ಟಿ ಎಂದು ಒಪ್ಪಿಸಿದರು. ಆ ಮಾತು ನಿಜ. ಆದರೆ ನೀವು ಕಳಿಸಿದ್ದು ಐಪೆಯೇ ಅಲ್ಲ.

ಅನುಮಾನ ಮೊದಲು ಬಂದದ್ದು ಆಚಾರಿಗೆ. ಐಪೆಗೆ ಮೊದಲು ಡ್ರಿಲ್ಲಿನಲ್ಲಿ ತೂತು ಕೊರೆಯಬೇಕು. ನಿಮ್ಮ ಹಲಗೆಗೆ ಸುತ್ತಿಗೆಯ ನಾಲ್ಕೇ ಏಟಿಗೆ ಮೊಳೆ ಸೀದಾ ಇಳಿಯಿತು. ಒಂದು ತುಂಡನ್ನು ಬಕೆಟ್ ನೀರಿಗೆ ಹಾಕಿದೆವು. ಐಪೆ ಒಂದು ಘನ ಮೀಟರಿಗೆ ಸುಮಾರು 1,050 ಕಿಲೋ ತೂಗುವ ಮರ, ಮುಳುಗಬೇಕು. ಇದು ಅರ್ಧ ಮೈ ಹೊರಗೆ ಹಾಕಿ ತೇಲಿತು. ಕೊರೆದ ಪುಡಿಗೆ ಎಲೆ ಡಬ್ಬಿಯ ಸುಣ್ಣ ಕಲಸಿ ನೋಡಿದೆ. ಐಪೆಯಲ್ಲಿರುವ ಲಪಾಕೋಲ್ ಎಂಬ ಹಳದಿ ಪುಡಿ ಸುಣ್ಣದಂಥ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಇಲ್ಲಿ ಬಣ್ಣ ತಿರುಗಲೇ ಇಲ್ಲ.

ಆ ತುಂಡು ಹಿಡಿದು, ನಾಲ್ಕು ತಾಸು ಬಸ್ಸಲ್ಲಿ ಕೂತು ನಿಮ್ಮ ಹುಬ್ಬಳ್ಳಿ ಅಂಗಡಿಗೆ ಬಂದೆ. ಕೌಂಟರಿನ ಹುಡುಗ ಕೂತ್ಕೊಳ್ಳಿ ಎನ್ನಲಿಲ್ಲ. ಮುಕ್ಕಾಲು ತಾಸು ನಿಂತೇ ಇದ್ದೆ. ಆಮೇಲೆ ತುಂಡನ್ನು ಎತ್ತಿ ಹಿಡಿದು, ಬೇರೆ ಗಿರಾಕಿಗಳಿಗೂ ಕೇಳುವ ಹಾಗೆ, "ಆಂಟಿ, ಮರ ತೇಲದೆ ಕಬ್ಬಿಣ ತೇಲುತ್ತಾ? ದೋಣಿ ಯಾವುದರಲ್ಲಿ ಮಾಡ್ತಾರೆ?" ಎಂದ. ಇಬ್ಬರು ನಕ್ಕರು. ನನ್ನ ಅಪ್ಪ ದೋಣಿ ಕಟ್ಟುತ್ತಿದ್ದವರು. ಯಾವ ಮರ ಎಷ್ಟು ತೇಲುತ್ತದೆ ಎಂಬುದನ್ನು ಅವರ ಪಕ್ಕ ಕೂತು ನೋಡಿ ಬೆಳೆದವಳು ನಾನು. ಅದನ್ನು ಹೇಳುವಷ್ಟರಲ್ಲಿ, "ಯಜಮಾನರನ್ನ ಕಳಿಸಿ, ಅವರ ಹತ್ರ ಮಾತಾಡ್ತೀವಿ" ಎಂದು ತುಂಡನ್ನು ನನ್ನ ಚೀಲದ ಮೇಲೆ ಎಸೆದ. ನಮ್ಮ ಯಜಮಾನರು ತೀರಿಕೊಂಡು ಎಂಟು ವರ್ಷವಾಯಿತು. ಬಿಲ್ ಇರುವುದು ನನ್ನ ಹೆಸರಲ್ಲಿ.

ಹೇಳಿದ ಮರ ಅಲ್ಲದಿದ್ದರೆ ಪೂರ್ತಿ ಹಣ ವಾಪಸ್ ಎಂದು ಆ ಬಿಲ್ಲಿನ ಹಿಂದೆ ನೀವೇ ಅಚ್ಚು ಹಾಕಿಸಿದ್ದೀರಿ. ನಿಮ್ಮ ನಿಯಮವನ್ನು ನಿಮಗೇ ಓದಿ ಹೇಳಬೇಕಾ? ಈ ವರ್ಷ ತರಿಸಿದ ಸರಕು ಎಂದಿದ್ದಿರಿ. 2024ರ ನವೆಂಬರ್ 25ರಿಂದ ಐಪೆ ಸೈಟಿಸ್ ಪಟ್ಟಿಯಲ್ಲಿದೆ; ಅದು ಕಾಡುಗಿಡ, ಕಾಡುಪ್ರಾಣಿಗಳ ವ್ಯಾಪಾರಕ್ಕೆ ಲಗಾಮು ಹಾಕುವ ದೇಶ ದೇಶಗಳ ಒಪ್ಪಂದ, ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ಆ ಕಾಗದದ ಪ್ರತಿ ಕೇಳಿ ಎರಡು ತಿಂಗಳಾಯಿತು.

ಹದಿನೈದು ದಿನ ನೋಡುತ್ತೇನೆ. ಆಮೇಲೆ ತುಂಡು ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಗೆ ಪರೀಕ್ಷೆಗೆ ಹೋಗುತ್ತದೆ, ದೂರು ಕಾರವಾರದ ಗ್ರಾಹಕರ ಆಯೋಗಕ್ಕೆ. 2019ರ ಕಾಯ್ದೆ ಪ್ರಕಾರ ನಾನಿರುವ ಊರಲ್ಲೇ ಕೇಸು ಹಾಕಬಹುದು. ಆಗ ನಾಲ್ಕು ತಾಸು ಬಸ್ಸಲ್ಲಿ ಕೂತು ಬರಬೇಕಾದವರು ನೀವು.

ಇಂತಿ,
ನಿಮ್ಮ ಗಿರಾಕಿ, ಕೋಡಿಬಾಗ