ಹಚ್ಚಿದ ಸೀಲೆಂಟ್ ಉಳಿದಿದೆಯಾ ಅಂತಲೂ ಕೇಳಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಹಲ್ಲಿನ ಡಾಕ್ಟರು. ಶಾಲೆಗಳಿಗೆ ಹೋಗಿ ಮಕ್ಕಳ ದವಡೆ ಹಲ್ಲಿಗೆ ಸೀಲೆಂಟ್, ಅಂದರೆ ಹುಳುಕು ಹಿಡಿಯದಂತೆ ಹಲ್ಲಿನ ಗೆರೆ ಮುಚ್ಚುವ ತೆಳು ಲೇಪ, ಹಚ್ಚುವ ತಂಡದಲ್ಲಿದ್ದೇನೆ. ಎಷ್ಟು ಶಾಲೆ, ಎಷ್ಟು ಮಕ್ಕಳು, ಎಷ್ಟು ಹಲ್ಲು ಅಂತ ಪ್ರತಿ ವರ್ಷ ವರದಿ ಕಳಿಸುತ್ತೇವೆ. ಒಂದು ವರ್ಷ ಆದಮೇಲೆ ಅದರಲ್ಲಿ ಎಷ್ಟು ಉಳಿದಿದೆ ಅನ್ನೋದನ್ನು ಬರೆಯಲು ಮಾತ್ರ ಅದರಲ್ಲಿ ಜಾಗವೇ ಇಲ್ಲ.

ಸುಮಾರು 6 ವರ್ಷಕ್ಕೆ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಯಾವ ಹಾಲು ಹಲ್ಲೂ ಬೀಳದೆ ಹಿಂದುಗಡೆ ಸದ್ದಿಲ್ಲದೆ ಮೂಡುವುದರಿಂದ ತುಂಬಾ ಅಪ್ಪ ಅಮ್ಮಂದಿರಿಗೆ ಗೊತ್ತೇ ಆಗೋದಿಲ್ಲ. ಅದರ ಮೇಲಿನ ಗೆರೆಗಳ ತಳಕ್ಕೆ ಬ್ರಷ್ ಮುಟ್ಟೋದಿಲ್ಲ, ಹುಳುಕು ಶುರುವಾಗೋದೇ ಅಲ್ಲಿ. ಆ ಗೆರೆ ಮುಚ್ಚಿದರೆ ಮೊದಲ 2 ವರ್ಷ ದವಡೆ ಹಲ್ಲಿನ ಹುಳುಕು ಶೇ. 80ರಷ್ಟು ತಪ್ಪುತ್ತದೆ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. 4 ವರ್ಷದ ಹೊತ್ತಿಗೆ ಅದು ಶೇ. 50ಕ್ಕೆ ಇಳಿಯುತ್ತದೆ. ಇಳಿಯಲು ಒಂದು ಮುಖ್ಯ ಕಾರಣ, ಸೀಲೆಂಟ್ ಸವೆಯೋದು, ಕಿತ್ತುಹೋಗೋದು.

ಯಾಕೆ ಕಿತ್ತುಹೋಗುತ್ತದೆ ಅಂತ ಹತ್ತಿರದಿಂದ ಹೇಳುತ್ತೇನೆ. ಹಲ್ಲಿಗೆ ಫಾಸ್ಫಾರಿಕ್ ಆಸಿಡ್ ಜೆಲ್ ಹಚ್ಚಿ, ತೊಳೆದು, ಒಣಗಿಸಿದರೆ ಹಲ್ಲು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಆಗ ಮಾತ್ರ ಸೀಲೆಂಟಿನ ರೆಸಿನ್ (ಪ್ಲಾಸ್ಟಿಕ್‌ನಂಥ ವಸ್ತು) ಹಿಡಿಯುತ್ತದೆ. 1955ರಲ್ಲಿ ಅಮೆರಿಕದ ದಂತವೈದ್ಯ ಮೈಕಲ್ ಬುವೊನಕೋರ್ ತೋರಿಸಿಕೊಟ್ಟ ದಾರಿ ಇದು. ಆದರೆ ಆ ಬಿಳುಪಿನ ಮೇಲೆ ಒಂದು ಹನಿ ಜೊಲ್ಲು ಬಿದ್ದರೂ ಮತ್ತೆ ಮೊದಲಿಂದ ಮಾಡಬೇಕು. ಏಳು ವರ್ಷದ ಮಗು, ಮಡಚುವ ಕುರ್ಚಿ, ಹಲ್ಲಿನ ಹಿಂಭಾಗದ ಮೇಲೆ ಇನ್ನೂ ಒಸಡಿನ ಮುಚ್ಚಳ. ಹತ್ತಿಯುಂಡೆ ನೆನೆದಿರುತ್ತದೆ, ನಾಲಿಗೆ ಅದನ್ನು ತಳ್ಳುತ್ತಿರುತ್ತದೆ. ನಾನೊಬ್ಬಳೇ ಇದ್ದರೆ ಕನ್ನಡಿ ಹಿಡಿಯಲಾ, ಹತ್ತಿ ಹಿಡಿಯಲಾ, ರೆಸಿನ್ ಗಟ್ಟಿ ಮಾಡುವ ನೀಲಿ ಬೆಳಕು ಹಿಡಿಯಲಾ? ಪಕ್ಕದಲ್ಲಿ ಸಹಾಯಕರು ಇದ್ದರೆ ಸೀಲೆಂಟ್ ಹೆಚ್ಚು ಉಳಿಯುತ್ತದೆ ಅಂತ ಅಧ್ಯಯನಗಳೂ ಹೇಳುತ್ತವೆ. ದಯವಿಟ್ಟು ಖರ್ಚು ಉಳಿಸಲು ಮೊದಲು ಆ ಹುದ್ದೆಗೇ ಕೈ ಹಾಕಬೇಡಿ.

ಹಲ್ಲು ಒಣಗಿಸಲು ಆಗದೇ ಇದ್ದಾಗ ಗ್ಲಾಸ್ ಅಯನೋಮರ್ ಅನ್ನೋ ಇನ್ನೊಂದು ಬಗೆಯ ಸೀಲೆಂಟ್ ಇದೆ. ಅದು ಬೇಗ ಕಿತ್ತುಹೋಗುತ್ತದೆ ನಿಜ. ಆದರೆ ಹುಳುಕು ತಡೆಯುವ ಫ್ಲೋರೈಡ್ ಬಿಡುತ್ತದೆ, ಗೆರೆಯ ತಳದಲ್ಲಿ ಒಂದಿಷ್ಟು ಉಳಿದುಕೊಳ್ಳುವುದೂ ಉಂಟು.

ಇನ್ನೊಂದು ಮಾತು. "ಹೇಗೂ ಉದುರಿಹೋಗುತ್ತೆ, ಅರ್ಧ ಉಳಿದರೆ ಹುಳುಕು ಇನ್ನೂ ಜಾಸ್ತಿಯಾಗುತ್ತೆ, ಸುಮ್ನೆ ಯಾಕೆ?" ಅಂತ ಯಾರಾದರೂ ನಿಮಗೆ ಹೇಳಬಹುದು. ನಂಬಬೇಡಿ. ಸೀಲೆಂಟ್ ಕಳೆದುಕೊಂಡ ಹಲ್ಲಿಗೆ, ಒಮ್ಮೆಯೂ ಹಚ್ಚದ ಹಲ್ಲಿಗಿಂತ ಜಾಸ್ತಿ ಅಪಾಯವಿಲ್ಲ ಅಂತ ಅಧ್ಯಯನಗಳಲ್ಲಿ ಕಂಡುಬಂದಿದೆ. ಸೀಲೆಂಟ್ ಉದುರೋದು ಕಾರ್ಯಕ್ರಮ ನಿಲ್ಲಿಸೋಕೆ ಕಾರಣವೇ ಅಲ್ಲ. ಮತ್ತೆ ಹೋಗಿ ನೋಡೋಕೆ ಕಾರಣ, ಅಲ್ವಾ?

ಒಮ್ಮೆ ಹಳೇ ಶಾಲೆಗೇ ಮತ್ತೆ ಹೋಗಿದ್ದೆವು. ಒಬ್ಬ ಹುಡುಗಿ ತಾನಾಗೇ ಬಂದು, "ಡಾಕ್ಟ್ರೇ, ನಂದು ಇದೆಯಾ ನೋಡಿ" ಅಂತ ಬಾಯಿ ತೆರೆದಳು. ಮೂರು ಹಲ್ಲಿನಲ್ಲಿ ಗಟ್ಟಿಯಾಗಿತ್ತು. ಕೆಳಗಿನ ಎಡ ಹಲ್ಲಿನಲ್ಲಿ ಹಿಂದಿನ ಅರ್ಧ ಇರಲಿಲ್ಲ. ಹುಳುಕು ಇನ್ನೂ ಶುರುವಾಗಿರಲಿಲ್ಲ. ಕೆಲವೇ ನಿಮಿಷದಲ್ಲಿ ಮತ್ತೆ ಹಚ್ಚಿದೆವು.

ಮುಂದಿನ ಶಾಲಾ ವರ್ಷದ ಆದೇಶ ಹೊರಡುವ ಮೊದಲು ಎರಡು ವಿಷಯ ಸೇರಿಸಿ. ಹಚ್ಚಿದ ಒಂದು ವರ್ಷದೊಳಗೆ ಮರುಭೇಟಿ, ಅದಕ್ಕೆ ಬೇಕಾದ ಹಣದ ಜೊತೆಗೆ. ವರದಿಯಲ್ಲಿ "ಎಷ್ಟು ಉಳಿದಿದೆ" ಅನ್ನುವ ಒಂದು ಕಾಲಂ.

ಇತಿ,
ಶಾಲಾ ತಂಡದ ಒಬ್ಬ ದಂತವೈದ್ಯೆ