ಶಿಲುಬೆಗೇರಿದ ಸಾವಿರಾರು ಗುಲಾಮರ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಗುಡ್ ಫ್ರೈಡೇ ಬಂತೆಂದರೆ ಪತ್ರಿಕೆಗಳಲ್ಲಿ ಶಿಲುಬೆಯ ಬಗ್ಗೆ ಲೇಖನಗಳು ಬರುತ್ತವೆ. ಯೇಸುವಿನ ಕೊನೆಯ ಗಂಟೆಗಳ ಬಗ್ಗೆ ಭಕ್ತಿಯಿಂದ ಬರೆದದ್ದನ್ನು ನಾನೂ ಓದುತ್ತೇನೆ. ಆದರೆ ಅಷ್ಟನ್ನೇ ಓದಿದವರಿಗೆ ಶಿಲುಬೆ ಅಂದರೆ ಒಂದು ದಿನ, ಒಂದು ಗುಡ್ಡ, ಮೂವರು ಮನುಷ್ಯರು ಅಂತಲೇ ಅನಿಸುತ್ತದೆ. ರೋಮನ್ನರಿಗೆ ಅದು ಆಡಳಿತದ ಮಾಮೂಲಿ ಕೆಲಸವಾಗಿತ್ತು. ಅದನ್ನು ಯಾರ ಮೇಲೆ, ಹೇಗೆ ಮಾಡುತ್ತಿದ್ದರು ಅನ್ನುವುದೂ ಓದುಗರಿಗೆ ಗೊತ್ತಾಗಬೇಕು.

ಇಟಲಿಯ ನೇಪಲ್ಸ್ ಹತ್ತಿರ ಪುಟಿಯೋಲಿ ಅಂತ ಒಂದು ಬಂದರು ಪಟ್ಟಣವಿತ್ತು. ಅಲ್ಲಿ ಸುಮಾರು 2,000 ವರ್ಷ ಹಳೆಯ ಶಾಸನವೊಂದು ಸಿಕ್ಕಿದೆ. ಊರಿನ ಹೆಣ ಸಾಗಿಸುವ ಗುತ್ತಿಗೆದಾರನಿಗೆ ಹಾಕಿಕೊಟ್ಟ ನಿಯಮಗಳು ಅದರಲ್ಲಿವೆ. ಯಾರಾದರೂ ತಮ್ಮ ಗುಲಾಮನನ್ನೋ ಗುಲಾಮಳನ್ನೋ ಶಿಲುಬೆಗೇರಿಸಬೇಕು ಅಂದರೆ ಹಲಗೆ, ಸರಪಳಿ, ಹಗ್ಗ, ಚಾಟಿ ಬೀಸುವ ಆಳುಗಳು ಎಲ್ಲವನ್ನೂ ಈ ಗುತ್ತಿಗೆದಾರನೇ ಒದಗಿಸಬೇಕು. ಶಿಲುಬೆಯ ಅಡ್ಡತೊಲೆ ಹೊರುವವನಿಗೆ, ಹೊಡೆಯುವವನಿಗೆ, ಕೊಲ್ಲುವವನಿಗೆ ತಲಾ 4 ಸೆಸ್ಟರ್ಸ್ (ರೋಮನ್ ನಾಣ್ಯ) ಕೂಲಿ. ಅಧಿಕಾರಿಗಳು ಆಜ್ಞೆ ಮಾಡಿದರೆ ಮಾತ್ರ ಪುಕ್ಕಟೆ. ಆಳುಗಳ ವಯಸ್ಸು 20ರಿಂದ 50ರೊಳಗಿರಬೇಕು, ಕುಂಟರಿರಬಾರದು, ಕುರುಡರಿರಬಾರದು ಅಂತಲೂ ಬರೆದಿದೆ. ಯಾವ ತಪ್ಪಿಗೆ ಈ ಶಿಕ್ಷೆ ಅನ್ನುವ ಮಾತೇ ಇಲ್ಲ. ಯಜಮಾನನಿಗೆ ಬೇಕು ಅನಿಸಿದರೆ ಸಾಕಿತ್ತು. ಇದನ್ನು ಓದಿದಾಗ ನನಗೆ ಮೊಳೆಗಳಿಗಿಂತ ಜಾಸ್ತಿ ದಿಗಿಲು ಹುಟ್ಟಿಸಿದ್ದು ಆ ಕೂಲಿಯ ಲೆಕ್ಕ.

ಈಗ ರೋಮಿನ ವಿರುದ್ಧ ದಂಗೆಯೆದ್ದ ಗುಲಾಮರ ನಾಯಕ ಸ್ಪಾರ್ಟಕಸ್ ಜೊತೆಗಿದ್ದವರ ಕಥೆ ನೋಡಿ. ಆ ದಂಗೆ ಕ್ರಿ.ಪೂ. 71ರಲ್ಲಿ ಸೋತಿತು. ಸ್ಪಾರ್ಟಕಸ್ ಯುದ್ಧದಲ್ಲೇ ಸತ್ತ. ಸೆರೆ ಸಿಕ್ಕ 6,000 ಮಂದಿಯನ್ನು ರೋಮನ್ ಸೇನಾಪತಿ ಕ್ರಾಸಸ್ ಇಟಲಿಯ ಕಪುವಾ ಪಟ್ಟಣದಿಂದ ರೋಮಿನವರೆಗೆ ದಾರಿಯುದ್ದಕ್ಕೂ ಶಿಲುಬೆಗೇರಿಸಿದ ಅಂತ ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ. ಆ ದಾರಿ ಸುಮಾರು 200 ಕಿ.ಮೀ. ಲೆಕ್ಕ ಹಾಕಿದರೆ ಮೂವತ್ತು ಚಿಲ್ಲರೆ ಮೀಟರಿಗೆ ಒಬ್ಬ ಮನುಷ್ಯ. ಆ 6,000 ಮಂದಿಯಲ್ಲಿ ಒಬ್ಬನ ಹೆಸರೂ ಉಳಿದಿಲ್ಲ.

ಅದೇ ರೋಮನ್ ಪ್ರಜೆಯೊಬ್ಬನಿಗೆ ಹೀಗಾದರೆ? ಸಿಸಿಲಿಯ ಅಧಿಕಾರಿ ವೆರೆಸ್, ಗಾವಿಯಸ್ ಎಂಬ ಪ್ರಜೆಯನ್ನು ಇಟಲಿ ಕಾಣುವ ಕಡೆಗೆ ಮುಖ ಮಾಡಿಸಿ ಶಿಲುಬೆಗೇರಿಸಿದ. ಕ್ರಿ.ಪೂ. 70ರಲ್ಲಿ ವಕೀಲ ಸಿಸೆರೊ ಇದನ್ನು ಹಿಡಿದುಕೊಂಡು ವೆರೆಸ್‌ನ ಮಾನ ಹರಾಜು ಹಾಕಿದ. ಒಬ್ಬ ಪ್ರಜೆಗಾಗಿ ಇಷ್ಟೆಲ್ಲ ಕೂಗಾಟ ನಡೆದದ್ದು ಆ 6,000 ಮಂದಿಯನ್ನು ಕೊಂದ ಮಾರನೇ ವರ್ಷವೇ.

ಹೇಗೆ ಮಾಡುತ್ತಿದ್ದರು ಅನ್ನುವುದರಲ್ಲೂ ನಮ್ಮ ಚಿತ್ರಗಳು ಎಡವುತ್ತವೆ. ಸಾಮಾನ್ಯವಾಗಿ ಮೊದಲು ಚಾಟಿಯಿಂದ ಹೊಡೆದು, ಆಮೇಲೆ ಬರೀ ಅಡ್ಡತೊಲೆ ಹೊರಿಸುತ್ತಿದ್ದರು. ಎಷ್ಟೋ ಕಡೆ ನಿಲುಗಂಬ ಮೊದಲೇ ನೆಟ್ಟಿರುತ್ತಿತ್ತು. ಕೆಲವರನ್ನು ಹಗ್ಗದಿಂದ ಕಟ್ಟುತ್ತಿದ್ದರು, ಕೆಲವರಿಗೆ ಮೊಳೆ. ಎಲ್ಲರನ್ನೂ ಒಂದೇ ರೀತಿ ನಿಲ್ಲಿಸುತ್ತಲೂ ಇರಲಿಲ್ಲ. ತಲೆ ಕೆಳಗಾಗಿ ತೂಗುಹಾಕಿದ್ದನ್ನು ರೋಮನ್ ತತ್ವಜ್ಞಾನಿ ಸೆನೆಕಾ ಬರೆದಿದ್ದಾನೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿಗೆ ಮುತ್ತಿಗೆ ಹಾಕಿದಾಗ ಅವರ ಸೈನಿಕರು ಸಿಟ್ಟಿಗೂ ಮೋಜಿಗೂ ಸೆರೆಯಾಳುಗಳನ್ನು ಬೇರೆಬೇರೆ ಭಂಗಿಯಲ್ಲಿ ಮೊಳೆ ಹೊಡೆದರಂತೆ. ಇದನ್ನು ಹೇಳಿದ ಯಹೂದಿ ಇತಿಹಾಸಕಾರ ಜೋಸೆಫಸ್ ಮುತ್ತಿಗೆಯನ್ನು ಕಣ್ಣಾರೆ ಕಂಡವನು. ಮುಂದೊಮ್ಮೆ ತನ್ನ ಪರಿಚಯದ ಮೂವರು ಶಿಲುಬೆಯ ಮೇಲಿರುವುದನ್ನು ನೋಡಿ, ಸೇನಾಪತಿ ಟೈಟಸ್ ಮುಂದೆ ಅತ್ತು ಅವರನ್ನು ಇಳಿಸಿಸಿದ. ಆರೈಕೆ ಮಾಡಿದರೂ ಇಬ್ಬರು ಸತ್ತರು, ಒಬ್ಬ ಬದುಕಿಕೊಂಡ.

ಮಣ್ಣಿನಡಿ ಸಿಕ್ಕ ಸಾಕ್ಷಿ ಮಾತ್ರ ತೀರಾ ಕಡಿಮೆ. 1968ರಲ್ಲಿ ಜೆರುಸಲೇಮಿನ ಸಮಾಧಿಯೊಂದರಲ್ಲಿ ಮೂಳೆ ಇಡುವ ಕಲ್ಲಿನ ಪೆಟ್ಟಿಗೆ ಸಿಕ್ಕಿತು. ಅದರ ಮೇಲೆ ಯೆಹೋಹನನ್ ಅಂತ ಹೆಸರು. ಒಳಗೆ ಬಲ ಹಿಮ್ಮಡಿಯ ಮೂಳೆ, ಅದನ್ನು ಪಕ್ಕದಿಂದ ತೂರಿದ ಸುಮಾರು 11.5 ಸೆಂ.ಮೀ. ಉದ್ದದ ಕಬ್ಬಿಣದ ಮೊಳೆ. ಮೊಳೆಯ ತುದಿ ಮಡಚಿಕೊಂಡಿತ್ತು. ಎಳೆದರೂ ಬಾರದೆ ಅದು ಕಾಲಿನಲ್ಲೇ ಉಳಿದಿರಬೇಕು. ಹಾಗಾಗಿಯೇ ನಮಗೆ ಸಿಕ್ಕಿತು. ಇಂಥದ್ದೇ ಇನ್ನೊಂದು ಹಿಮ್ಮಡಿ 2017ರಲ್ಲಿ ಇಂಗ್ಲೆಂಡಿನ ಫೆನ್‌ಸ್ಟಾಂಟನ್ ಎಂಬ ಹಳ್ಳಿಯಲ್ಲಿ ಸಿಕ್ಕಿದೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ.

ಭಕ್ತಿಯ ಲೇಖನ ಬೇಡ ಅನ್ನುತ್ತಿಲ್ಲ. ಯೇಸುವನ್ನು ಕೊಂದದ್ದು ಗುಲಾಮರಿಗೂ ದಂಗೆಕೋರರಿಗೂ ಮೀಸಲಿಟ್ಟ ಸಾವಿನಿಂದ ಅಂತ ತಿಳಿದರೆ ನಂಬಿದವರಿಗೂ ಆ ದಿನ ಇನ್ನಷ್ಟು ಹತ್ತಿರವಾಗುತ್ತದೆ ಅಲ್ವಾ? ಮುಂದಿನ ವರ್ಷದ ಪುರವಣಿಯಲ್ಲಿ ಪುಟಿಯೋಲಿಯ ಶಾಸನಕ್ಕೆ, ಯೆಹೋಹನನ್‌ನ ಹಿಮ್ಮಡಿಯ ಫೋಟೋಗೆ ಅರ್ಧ ಪುಟ ಕೊಡಿ. ಮಕ್ಕಳ ಪುಟಕ್ಕೆ ಚಿತ್ರ ಬರೆಯುವವರಿಗೆ ಹೆಗಲ ಮೇಲೆ ಅಡ್ಡತೊಲೆ ಮಾತ್ರ ಬರೆಯಲು ಹೇಳಿ.

ಇಂತಿ,
ಇತಿಹಾಸ ಪಾಠ ಮಾಡುವ ಒಬ್ಬ ಓದುಗ,
ಮಂಗಳೂರು