ಗೆಳೆಯನಿಗೊಂದು ಪತ್ರ: ಮಾತು ಕಲಿತ ಕುದುರೆ

ಉಡುಪಿ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಕೈಸೇರಿತು. ಬರ್ಗ್‌ಮನ್ ಅವರ 'ದಿ ಸೆವೆಂತ್ ಸೀಲ್' ಮತ್ತು ಸತ್ಯಜಿತ್ ರಾಯ್ ಅವರ 'ಶತರಂಜ್ ಕೆ ಖಿಲಾಡಿ' ಚಿತ್ರಗಳನ್ನು ಬೆನ್ನುಬೆನ್ನಿಗೆ ನೋಡಿದ ಮೇಲೆ, ಕಲಾವಿದರ ಕೈಗೆ ಸಿಕ್ಕ ಚದುರಂಗವು ಸಾವು ಅಥವಾ ಪತನ ಇವೆರಡನ್ನು ಬಿಟ್ಟು ಬೇರೇನನ್ನೂ ಹೇಳುವುದಿಲ್ಲ ಎಂದು ನೀನು ಬರೆದಿದ್ದೀಯೆ. ಆ ಮಾತನ್ನು ನಾನು ಒಪ್ಪಲಾರೆ. ಒಪ್ಪದಿರುವುದಕ್ಕೆ ಕಾರಣವನ್ನು ಫೋನಿನಲ್ಲಿ ಹೇಳಿ ಮುಗಿಸಲು ಸಾಧ್ಯವಿಲ್ಲವಾದ್ದರಿಂದ ಈ ಪತ್ರ.

ಆ ಎರಡೂ ಚಿತ್ರಗಳ ಹಿರಿಮೆಯ ಬಗ್ಗೆ ನನಗೆ ಸಂಶಯವಿಲ್ಲ. ಪ್ಲೇಗಿನ ಕಾಲದ ಯೋಧನೊಬ್ಬ ಮೃತ್ಯುವನ್ನೇ ಆಟಕ್ಕೆ ಕೂರಿಸುವ ಕಲ್ಪನೆ 1957ರ ಆ ಚಿತ್ರಕ್ಕೆ ಸಿಕ್ಕಿದ್ದು ಸ್ವೀಡನ್ನಿನ ತೇಬಿ ಊರಿನ ಚರ್ಚಿನಲ್ಲಿರುವ ಹದಿನೈದನೆಯ ಶತಮಾನದ ಒಂದು ವರ್ಣಚಿತ್ರದಿಂದ. 1977ರ ರಾಯ್ ಅವರ ಚಿತ್ರದಲ್ಲಿ, ಕಂಪನಿ ಸರಕಾರ 1856ರಲ್ಲಿ ಅವಧ್ ರಾಜ್ಯವನ್ನು ನುಂಗುವ ಹೊತ್ತಿಗೆ ಇಬ್ಬರು ಜಹಗೀರುದಾರರು ಆಟದಲ್ಲಿ ಮೈಮರೆತಿರುತ್ತಾರೆ. ಆದರೆ ಎರಡರಲ್ಲಿಯೂ ಚದುರಂಗದ ಮಣೆಯು ಬೇರೊಂದು ವಿಷಯದ ಭಾರವನ್ನು ಹೊರುತ್ತದೆ. ಯಾವ ಕಾಯಿ ಎಲ್ಲಿಗೆ ಹೋಯಿತು, ಆ ನಡೆಯಲ್ಲಿ ಏನು ಸೊಗಸಿತ್ತು ಎಂಬುದನ್ನು ನೋಡುಗ ಕೇಳಬೇಕಾಗಿಯೇ ಇಲ್ಲ.

ಸೊಫೊನಿಸ್ಬಾ ಆಂಗ್ವಿಸ್ಸೊಲಾ ಎಂಬ ಇಟಲಿಯ ಕಲಾವಿದೆ 1555ರಲ್ಲಿ ಬರೆದ ವರ್ಣಚಿತ್ರವನ್ನು ಒಮ್ಮೆ ಹುಡುಕಿ ನೋಡು. ಅದರಲ್ಲಿ ಚದುರಂಗ ಆಡುತ್ತಿರುವವರು ಆಕೆಯ ಸ್ವಂತ ತಂಗಿಯರು. ಮಣೆಯ ಮೇಲೆ ಕೈಯಿಟ್ಟ ಲೂಚಿಯಾ ನೇರವಾಗಿ ನಮ್ಮನ್ನು ನೋಡುತ್ತಾಳೆ. ಎದುರಿಗಿರುವ ಮಿನರ್ವಾ ಏನನ್ನೋ ಹೇಳಲೆಂದು ಕೈಯೆತ್ತಿದ್ದಾಳೆ. ನಡುವಿನ ಪುಟ್ಟ ಯುರೋಪಾ ಅವಳ ಮುಖ ನೋಡಿ ನಗುತ್ತಿದ್ದಾಳೆ. ಒಂದು ಕಾಲದಲ್ಲಿ ಓರೆಯಾಗಿ ಒಂದೇ ಮನೆ ಸರಿಯುತ್ತಿದ್ದ ಮಂತ್ರಿಯು ಯುರೋಪಿನಲ್ಲಿ ರಾಣಿಯಾಗಿ, ಹದಿನೈದನೆಯ ಶತಮಾನದ ಕೊನೆಯಲ್ಲಿ ಇಡೀ ಮಣೆಯ ಉದ್ದಗಲಕ್ಕೂ ಓಡಾಡುವ ಬಲ ಪಡೆದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಆ ಹೊಸ ಆಟವನ್ನು ಹೆಣ್ಣುಮಕ್ಕಳು ಆಡಿ ನಗುವ ಈ ಚಿತ್ರದಲ್ಲಿ ಸಾವಿನ ಸುಳಿವಾದರೂ ಎಲ್ಲಿದೆ?

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದಕ್ಕಿಂತ ಹತ್ತಿರದ ಸಂಗತಿ. ಕಳೆದ ತಿಂಗಳು ರಾಜಾಂಗಣದಲ್ಲಿ 'ಪಾದುಕಾ ಪ್ರದಾನ' ತಾಳಮದ್ದಳೆಯನ್ನು ಕೇಳಿದೆ. ಭರತನು ಅಣ್ಣನಲ್ಲಿ ಬೇಡಿ ತಂದ ಆ ಪಾದುಕೆಗಳನ್ನೇ ಶ್ರೀರಂಗದ ರಂಗನಾಥನ ಪಾದುಕೆಗಳಲ್ಲಿ ಕಂಡು, ವೇದಾಂತ ದೇಶಿಕರು 'ಪಾದುಕಾ ಸಹಸ್ರ' ಎಂಬ ಸ್ತೋತ್ರವನ್ನು ರಚಿಸಿದ್ದಾರೆ. ಅಕ್ಷರಗಳ ಜೋಡಣೆಯ ಚಮತ್ಕಾರವಿರುವ ಅದರ 'ಚಿತ್ರಪದ್ಧತಿ' ಎಂಬ ಭಾಗದಲ್ಲಿ ಅಕ್ಕಪಕ್ಕದ ಎರಡು ಅನುಷ್ಟುಪ್ ಶ್ಲೋಕಗಳಿವೆ. 'ಸ್ಥಿರಾಗಸಾಂ' ಎಂದು ಆರಂಭವಾಗುವ ಮೊದಲ ಶ್ಲೋಕದ 32 ಅಕ್ಷರಗಳನ್ನು ಸಾಲಿಗೆ ಎಂಟರಂತೆ ನಾಲ್ಕು ಸಾಲು ಬರೆದರೆ ಅರ್ಧ ಚದುರಂಗದ ಮಣೆಯಾಗುತ್ತದೆ. ಕುದುರೆಯನ್ನು ಮೊದಲ ಮನೆಯ 'ಸ್ಥಿ' ಮೇಲಿಡು. ಅದು ಎರಡನೆಯ ಸಾಲಿನ ಮೂರನೆಯ ಮನೆಗೆ ಹಾರಿದರೆ 'ತಾ', ಅಲ್ಲಿಂದ ಮೊದಲ ಸಾಲಿನ ಐದನೆಯ ಮನೆಗೆ ಬಂದರೆ 'ಸ', ಎರಡನೆಯ ಸಾಲಿನ ಏಳನೆಯದರಲ್ಲಿ 'ಮ', ಕೊನೆಯ ಸಾಲಿನ ಕೊನೆಯ ಮನೆಯಲ್ಲಿ 'ಯ'. 'ಸ್ಥಿತಾ ಸಮಯ' ಎಂದು ಎರಡನೆಯ ಶ್ಲೋಕ ಆಗಲೇ ಬಾಯಿಬಿಟ್ಟಿತು! ಹೀಗೆ ಒಂದು ಮನೆಯನ್ನೂ ಎರಡು ಸಲ ಮುಟ್ಟದೆ, ಒಂದನ್ನೂ ಬಿಡದೆ ಸಾಗಿದ ಕುದುರೆಯು ಕೊನೆಯ ಸಾಲಿನ 'ರಾ' ಅಕ್ಷರದಲ್ಲಿ ನಿಲ್ಲುವಷ್ಟರಲ್ಲಿ ಆ ಶ್ಲೋಕ ಪೂರ್ತಿಯಾಗಿರುತ್ತದೆ. ಭಾಗವತರ ಪದ್ಯದ ಚೌಕಟ್ಟಿನೊಳಗೇ ನಿಂತು ಮಾತನ್ನು ಬೆಳೆಸುವ ತಾಳಮದ್ದಳೆಯ ಅರ್ಥಧಾರಿಯಂತೆ, ಇಲ್ಲಿ ಕವಿಯು ಕುದುರೆಯ ನಡೆಯ ಕಟ್ಟಿನೊಳಗೇ ಭಕ್ತಿಯನ್ನು ನುಡಿಸಿದ್ದಾನೆ. ನಾನೇ ಕಾಗದದ ಮೇಲೆ ಮನೆಗಳನ್ನು ಎಳೆದು ಒಂದೊಂದಾಗಿ ಗುರುತು ಹಾಕಿ ನೋಡಿದೆ, ಎಲ್ಲಿಯೂ ತಪ್ಪುವುದಿಲ್ಲ.

ಈ ಜಾಡು ಇನ್ನೂ ಹಳೆಯದು. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನೇ 'ಕಾವ್ಯಾಲಂಕಾರ'ದಲ್ಲಿ ಇಂತಹ ತುರಗಬಂಧವನ್ನು, ಅಂದರೆ ಕುದುರೆಯ ನಡೆಯಲ್ಲಿ ಓದುವ ಪದ್ಯವನ್ನು, ಕೊಟ್ಟಿದ್ದಾನೆ. ಪ್ರತಿ ಮನೆಯನ್ನೂ ಒಂದೇ ಸಲ ಮುಟ್ಟಿ ಕುದುರೆಯು ಮಣೆಯನ್ನೆಲ್ಲ ಸುತ್ತುವ ಸಮಸ್ಯೆಯನ್ನು ಗಣಿತಜ್ಞ ಆಯ್ಲರ್ ಕೈಗೆತ್ತಿಕೊಂಡದ್ದು 1759ರಲ್ಲಿ.

ಮುಂದೆ ಈ ಕುದುರೆಯು ನಮ್ಮ ಮೈಸೂರಿಗೇ ಬಂದಿತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಸ್ಥಿತಿಯು ರಾಜ್ಯ ಕಳೆದುಕೊಂಡ ಅವಧ್‌ನ ನವಾಬನ ಸ್ಥಿತಿಗಿಂತ ತೀರ ಬೇರೆಯಾಗಿರಲಿಲ್ಲ. ಅಧಿಕಾರವಿಲ್ಲದ ಆ ಅರಸರು 1868ರಲ್ಲಿ ತೀರಿಕೊಳ್ಳುವ ಮುನ್ನ ಕುದುರೆಯ ನಡೆಯ ಬಂಧಗಳನ್ನು ತಾವೇ ರಚಿಸಿದರು. ಅವುಗಳಲ್ಲೊಂದರಲ್ಲಿ, ಕುದುರೆ ಹಾರಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಬರೆದರೆ, ಪ್ರತಿಯೊಂದು ಅಡ್ಡಸಾಲಿನ ಮೊತ್ತವೂ ಪ್ರತಿಯೊಂದು ಕಂಬಸಾಲಿನ ಮೊತ್ತವೂ 260 ಆಗುತ್ತದೆ. ಮೂಲೆಯಿಂದ ಮೂಲೆಗೆ ಹೋಗುವ ಎರಡು ಕರ್ಣಗಳೂ 260 ಆಗುವ ಬಂಧವು ಎಂಟೆಂಟರ ಮಣೆಯಲ್ಲಿ ಇರಲು ಸಾಧ್ಯವೇ ಇಲ್ಲವೆಂದು 2003ರಲ್ಲಿ ಕಂಪ್ಯೂಟರುಗಳ ನೆರವಿನಿಂದ ಖಚಿತವಾಯಿತು. ಅವಧ್‌ನ ಆಟಗಾರರನ್ನು ದೇಶಕ್ಕೆಲ್ಲ ಪರಿಚಯಿಸಿದ ಚಿತ್ರವಿದೆ, ಮೈಸೂರಿನ ಈ ಬಂಧಕಾರನ ಕುರಿತು ಅಂಥದ್ದೊಂದು ಇಲ್ಲವೆಂಬುದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

ನಿನ್ನ ಮಗಳು ಈಗ ಚೆಸ್ ತರಗತಿಗೆ ಹೋಗುತ್ತಿದ್ದಾಳೆಂದು ಬರೆದಿದ್ದೆಯಲ್ಲ, ಅವಳಿಗೆ 'ಪಾದುಕಾ ಸಹಸ್ರ'ದ ಆ ಎರಡು ಶ್ಲೋಕಗಳನ್ನು ಬರೆದುಕೊಟ್ಟು, ಬರಿಯ ಮಣೆಯ ಮೇಲೆ ಒಂದೇ ಕುದುರೆಯನ್ನಿಟ್ಟು ಬಿಡು. ಎಲ್ಲ 64 ಮನೆಗಳನ್ನು ಸುತ್ತುವ ದಾರಿ ಅವಳಿಗೆ ಸಿಕ್ಕಿದರೆ, ಯಾವ ಮನೆಯಿಂದ ಹೊರಟಳೆಂಬುದನ್ನು ಮುಂದಿನ ಪತ್ರದಲ್ಲಿ ತಪ್ಪದೆ ತಿಳಿಸು.

ಇಂತು ನಿನ್ನ
ಗೆಳೆಯ